ಹಿಮ್ಮಡಿಯ ಮೇಲಿನ ನೋವು: ವಿಶ್ರಾಂತಿ ತೆಗೆದುಕೊಂಡರೂ ಮತ್ತೆ ಮತ್ತೆ ಏಕೆ ಬರುತ್ತದೆ?

ಕಾರವಾರದ ಮಾಸ್ತರ

ನಾನು ಇಲ್ಲಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ, ವಯಸ್ಸು 44. ಮಳೆಗಾಲ ಮುಗಿದು ಮರಳು ಒಣಗಿದ ಮೇಲೆ ಟ್ಯಾಗೋರ್ ಕಡಲತೀರದಲ್ಲಿ ಬೆಳಗಿನ ಓಟವನ್ನು ಮತ್ತೆ ಆರಂಭಿಸಿದೆ. ಸ್ವಲ್ಪ ದಿನಗಳಲ್ಲೇ ಬಲಗಾಲಿನ ಹಿಮ್ಮಡಿಯಿಂದ ಮೂರು ಬೆರಳಷ್ಟು ಮೇಲೆ, ಹಿಂಭಾಗದಲ್ಲಿ ನೋವು ಶುರುವಾಯಿತು. ಆ ಜಾಗವನ್ನು ಎರಡು ಬೆರಳಿನಿಂದ ಚಿವುಟಿದರೆ ಜೀವ ಹೋಗುವಷ್ಟು ನೋವು. ಎಡಗಾಲಿನದಕ್ಕೆ ಹೋಲಿಸಿದರೆ ತುಸು ದಪ್ಪವಾಗಿಯೂ ಇದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಬಿಗಿದುಕೊಂಡಿರುತ್ತದೆ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸಡಿಲವಾಗುತ್ತದೆ. ಓಡುವಾಗ ಮೊದಲು ನೋವು, ಆಮೇಲೆ ಇಲ್ಲವೇ ಇಲ್ಲ ಎನ್ನಿಸುತ್ತದೆ, ಸಂಜೆಗೆ ಮತ್ತೆ ಹಾಜರು.

ಕೆಲವು ವಾರ ಓಟವನ್ನೇ ಬಿಟ್ಟೆ. ನೋವು ಹೋಯಿತು. ಮತ್ತೆ ಓಡಲು ಹೋದ ಮೊದಲ ವಾರದಲ್ಲೇ ಮರಳಿತು. ಒಬ್ಬರು ನರ ಹಿಡಿದಿದೆ ಎನ್ನುತ್ತಾರೆ, ಇನ್ನೊಬ್ಬರು ಮೂಳೆ ಬೆಳೆದಿದೆ ಎನ್ನುತ್ತಾರೆ. ಮಕ್ಕಳ ಕ್ರೀಡಾಕೂಟಗಳು ಹತ್ತಿರ ಬಂದಿವೆ, ನಾನು ಮೈದಾನದಲ್ಲಿ ನಿಲ್ಲಲೇಬೇಕು. ತಿಳಿದವರು ಬಿಡಿಸಿ ಹೇಳುವಿರಾ?

ಬೈತಖೋಲದವನು

ಸರ್, ಪೂರ್ತಿ ವಿಶ್ರಾಂತಿ ಕೊಡಿ. ಬಂದರಿನಲ್ಲಿ ನಮ್ಮ ಹುಡುಗರಿಗೂ ಬರುತ್ತದೆ. ಬಿಸಿ ಎಣ್ಣೆ ಹಚ್ಚಿ, ಉಪ್ಪಿನ ಶಾಖ ಕೊಟ್ಟು ಒಂದು ತಿಂಗಳು ಕಾಲು ಊರದಿದ್ದರೆ ತಾನಾಗಿ ಹೋಗುತ್ತದೆ.

ಕುಮಟಾದ ಫಿಸಿಯೋ

ಮಾಸ್ತರರೇ, ಎಲ್ಲಿ ನೋವು, ಯಾವಾಗ ನೋವು ಎಂಬುದನ್ನು ನೀವು ಇಷ್ಟು ಸ್ಪಷ್ಟವಾಗಿ ಬರೆದದ್ದು ಬಹಳ ಉಪಕಾರವಾಯಿತು. ನೋಡದೆ ಖಚಿತವಾಗಿ ಹೇಳಬಾರದು. ಆದರೂ ನೀವು ಹೇಳಿದ ಎಲ್ಲ ಲಕ್ಷಣಗಳೂ ಅಕಿಲಿಸ್ ಸ್ನಾಯುರಜ್ಜುವಿನ ನಡುಭಾಗದ ತೊಂದರೆಯ ಕಡೆಗೇ ಬೆರಳು ಮಾಡುತ್ತವೆ.

ಮೀನಖಂಡದಲ್ಲಿ ಎರಡು ಮುಖ್ಯ ಸ್ನಾಯುಗಳಿವೆ. ಮೇಲಿನದು ಗ್ಯಾಸ್ಟ್ರೊಕ್ನೀಮಿಯಸ್, ಅದರ ಅಡಿಯಲ್ಲಿರುವುದು ಸೋಲಿಯಸ್. ಇವೆರಡೂ ಕೆಳಗಿಳಿದು ಒಂದೇ ಸ್ನಾಯುರಜ್ಜುವಾಗಿ ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತವೆ. ಸುಮಾರು 15 ಸೆಂಟಿಮೀಟರ್ ಉದ್ದದ ಈ ಸ್ನಾಯುರಜ್ಜುವಿಗಿಂತ ದಪ್ಪನಾದದ್ದು, ಗಟ್ಟಿಯಾದದ್ದು ನಮ್ಮ ದೇಹದಲ್ಲಿ ಇನ್ನೊಂದಿಲ್ಲ. ಅದರ ಎಳೆಗಳು ನೇರವಾಗಿ ಇಳಿಯುವುದಿಲ್ಲ, ತೆಂಗಿನ ನಾರಿನ ಹಗ್ಗದಂತೆ ತಿರುಚಿಕೊಂಡು ಇಳಿಯುತ್ತವೆ. ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ದೇಹದ ತೂಕದ ಆರರಿಂದ ಎಂಟು ಪಟ್ಟು ಎಳೆತ ಬೀಳುತ್ತದೆ. 70 ಕಿಲೋ ತೂಕದವರಿಗೆ ಅದು ಹೆಚ್ಚುಕಡಿಮೆ ಅರ್ಧ ಟನ್.

ಮೂಳೆಗೆ ಅಂಟುವ ಜಾಗದಿಂದ 2ರಿಂದ 6 ಸೆಂಟಿಮೀಟರ್ ಮೇಲಿನ ಭಾಗಕ್ಕೆ ರಕ್ತ ಪೂರೈಕೆ ಕಡಿಮೆ. ನಿಮ್ಮ ನೋವು ಇರುವುದು ಅಲ್ಲಿಯೇ. ಹಿಂದೆ ಇದನ್ನು ಉರಿಯೂತ ಎಂದು ಕರೆದು ಅದಕ್ಕೇ ಮಾತ್ರೆ ಕೊಡುತ್ತಿದ್ದರು. ಇಂಥ ಸ್ನಾಯುರಜ್ಜುವಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತಕ್ಕಿಂತ ಎದ್ದು ಕಂಡದ್ದು ಬೇರೆಯೇ: ಸಾಲಾಗಿ ಇರಬೇಕಾದ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಚದುರಿಹೋಗಿರುತ್ತವೆ, ನಡುವೆ ನೀರಿನಂಶ ಹೆಚ್ಚಿರುತ್ತದೆ, ಇರಬಾರದ ಸಣ್ಣ ರಕ್ತನಾಳಗಳು ಒಳಹೊಕ್ಕಿರುತ್ತವೆ. ರಿಪೇರಿ ಆರಂಭವಾಗಿ ಪೂರ್ಣಗೊಳ್ಳದೆ ಉಳಿದಿದೆ ಎಂದರ್ಥ. ದಪ್ಪವಾಗಿರುವುದಕ್ಕೂ ಅದೇ ಕಾರಣ.

ಇನ್ನು ವಿಶ್ರಾಂತಿಯ ಮಾತು. ಬೈತಖೋಲದ ಅಣ್ಣ, ನಿಮ್ಮ ಶಾಖ, ಎಣ್ಣೆಯ ಬಗ್ಗೆ ನನಗೆ ತಕರಾರಿಲ್ಲ. ಅದರಿಂದ ಹಾಯೆನಿಸುತ್ತದೆ, ಹಾನಿಯಿಲ್ಲ. ಒಂದು ತಿಂಗಳು ಕಾಲು ಊರದಿರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸ್ನಾಯುರಜ್ಜು ಎಷ್ಟು ಭಾರವನ್ನು ಹೊರುತ್ತದೆಯೋ ಅಷ್ಟಕ್ಕೆ ತಕ್ಕಂತೆ ತನ್ನನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಭಾರವನ್ನೇ ತೆಗೆದರೆ ನೋವು ಅಡಗುತ್ತದೆ, ಅದರ ಜೊತೆಗೆ ಶಕ್ತಿಯೂ ಇಳಿಯುತ್ತದೆ, ಮೀನಖಂಡವೂ ಸೊರಗುತ್ತದೆ. ಮರಳಿ ಓಡಲು ಹೊರಟಾಗ ಅದೇ ಅರ್ಧ ಟನ್ ಎಳೆತ ಮೊದಲಿಗಿಂತ ದುರ್ಬಲವಾದ ಸ್ನಾಯುರಜ್ಜುವಿನ ಮೇಲೆ ಬೀಳುತ್ತದೆ. ಮಾಸ್ತರರಿಗೆ ನೋವು ಹೋಗಿ ಮತ್ತೆ ಬಂದದ್ದು ಹೀಗೆ. ಇದಕ್ಕೆ ಬೇಕಾದದ್ದು ಅಳತೆಯ ಭಾರ, ನಿಧಾನವಾಗಿ ಏರಿಸುವ ಭಾರ.

ಕಾರವಾರದ ಮಾಸ್ತರ

ಮೇಡಂ, ಇಷ್ಟು ವರ್ಷ ಓಡಿದವನಿಗೆ ಈಗ ಏಕೆ ಬಂತು? ಮರಳಿನ ಮೇಲೆ ಓಡುವುದು ಕಾಲಿಗೆ ಮೆತ್ತಗೆ, ಒಳ್ಳೆಯದು ಎಂದೇ ನಾವು ಮಕ್ಕಳಿಗೂ ಹೇಳುವುದು.

ಕುಮಟಾದ ಫಿಸಿಯೋ

ಮರಳು ಮಂಡಿಗೆ ಮೆತ್ತಗೆ, ನಿಜ. ಹಿಮ್ಮಡಿಯ ಸ್ನಾಯುರಜ್ಜುವಿಗೆ ಅಲ್ಲ. ಒಣ ಮರಳಿನಲ್ಲಿ ಹಿಮ್ಮಡಿ ಮುಂಗಾಲಿಗಿಂತ ಕೆಳಗೆ ಹೂತು ಸ್ನಾಯುರಜ್ಜು ಹೆಚ್ಚು ಎಳೆಯಲ್ಪಡುತ್ತದೆ. ಒದ್ದು ಮುಂದೆ ಹೋಗುವಾಗ ಮರಳು ಜಾರುವುದರಿಂದ ಮೀನಖಂಡ ಹೆಚ್ಚು ದುಡಿಯುತ್ತದೆ. ಗಟ್ಟಿ ನೆಲಕ್ಕೆ ಹೋಲಿಸಿದರೆ ಒಣ ಮರಳಿನಲ್ಲಿ ಓಡಲು ದೇಹ ಸುಮಾರು 1.6 ಪಟ್ಟು ಶಕ್ತಿ ವ್ಯಯಿಸುತ್ತದೆ, ನಡೆಯಲು ಎರಡು ಪಟ್ಟಿಗಿಂತಲೂ ಹೆಚ್ಚು. ಇದನ್ನು 1998ರಲ್ಲಿಯೇ ಅಳೆದು ನೋಡಿದ್ದಾರೆ. ನೀರಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಆದರೆ ಸಮುದ್ರದ ಕಡೆಗೆ ಇಳಿಜಾರು. ನೀವು ಉತ್ತರಕ್ಕೆ ಓಡಿದರೆ ಎಡಗಾಲು ತಗ್ಗಿನಲ್ಲಿ, ದಕ್ಷಿಣಕ್ಕೆ ಓಡಿದರೆ ಬಲಗಾಲು ತಗ್ಗಿನಲ್ಲಿ. ಹೋದ ದಾರಿಯಲ್ಲೇ ಹಿಂದಿರುಗಿದರೆ ಸರಿದೂಗುತ್ತದೆ. ಒಂದು ಕಡೆಗೆ ಓಡಿ, ರಸ್ತೆಯಲ್ಲಿ ಮರಳುವವರಿಗೆ ಒಂದೇ ಕಾಲಿನ ಮೇಲೆ ಹೊರೆ ಬೀಳುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ನೀವೇ ಬರೆದ ಆ ಒಂದು ಮಾತು: ಮಳೆಗಾಲ ಮುಗಿದ ಮೇಲೆ. ನಮ್ಮ ಕರಾವಳಿಯ ಬದುಕೇ ಹಾಗಿದೆ. ಜೂನ್‌ನಿಂದ ನಾಲ್ಕು ತಿಂಗಳು ಮನೆಯೊಳಗೆ, ಆಮೇಲೆ ಎಲ್ಲವೂ ಒಮ್ಮೆಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ, ಆಗಸ್ಟ್ ಮೊದಲ ವಾರದಿಂದ ಬಂದರಿನಲ್ಲಿ ಬಿಡುವಿಲ್ಲದ ದುಡಿಮೆ. ಕಾಲಿನ ಸ್ನಾಯು ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಸ್ನಾಯುರಜ್ಜುವಿಗೆ ತಿಂಗಳುಗಳು ಬೇಕು. ನಾನು ಕಂಡ ಹಿಮ್ಮಡಿ ನೋವುಗಳಲ್ಲಿ ಬಹುಪಾಲಿನ ಹಿಂದೆ ಇಂಥದೊಂದು ದಿಢೀರ್ ಏರಿಕೆ ಇದ್ದೇ ಇರುತ್ತದೆ.

ಗುಣವಂತೆಯ ಗೆಜ್ಜೆ

ಇದನ್ನು ಓದಿ ನಮ್ಮ ಮೇಳದ ಕಥೆಯನ್ನೇ ಯಾರೋ ಬರೆದಂತಾಯಿತು. ನಾನು ಯಕ್ಷಗಾನದ ಬಡಗುತಿಟ್ಟಿನ ವೇಷಧಾರಿ. ಮಳೆಗಾಲದಲ್ಲಿ ಅಲ್ಲೊಂದು ಇಲ್ಲೊಂದು ಆಟ, ಸಭಾಭವನದಲ್ಲಿ ಎರಡು ಮೂರು ತಾಸು. ತಿರುಗಾಟ ಶುರುವಾದ ಮೇಲೆ ದಿನ ಬಿಡದೆ ಆಟ, ಗದ್ದೆಯ ರಂಗಸ್ಥಳ, ಹಲಗೆ ಹಾಸಿದರೆ ಒಂದು ಬಗೆ, ಬರಿ ನೆಲವಾದರೆ ಇನ್ನೊಂದು ಬಗೆ. ಪ್ರವೇಶದ ಕುಣಿತದಲ್ಲಿ ನಮಗೆ ಹಿಮ್ಮಡಿ ನೆಲಕ್ಕೆ ತಾಗುವುದೇ ಕಡಿಮೆ. ನನಗೆ ನೋವು ಇರುವುದು ಮಾಸ್ತರರಿಗಿಂತ ಕೆಳಗೆ, ಹಿಮ್ಮಡಿಯ ಮೂಳೆಯ ಮೇಲೆಯೇ. ಅಲ್ಲಿ ಗಂಟಿನಂತೆ ಉಬ್ಬಿದೆ. ಗೆಜ್ಜೆಯ ಪಟ್ಟಿ ತಾಗಿದರೆ ಕಣ್ಣಲ್ಲಿ ನೀರು. ಕಾಲನ್ನು ಗೋಡೆಗೆ ಒತ್ತಿ ಮೀನಖಂಡವನ್ನು ಎಳೆದು ಬಿಡಬೇಕೆಂದು ಒಬ್ಬರು ಹೇಳಿಕೊಟ್ಟರು, ಅದನ್ನು ಮಾಡಿದ ದಿನ ನೋವು ಹೆಚ್ಚು. ಇದೂ ಅದೇ ಕಾಯಿಲೆಯೇ?

ಕುಮಟಾದ ಫಿಸಿಯೋ

ಸ್ನಾಯುರಜ್ಜು ಅದೇ, ಜಾಗ ಬೇರೆ. ಜಾಗ ಬೇರೆಯಾದ್ದರಿಂದ ಉಪಚಾರವೂ ಬೇರೆ. ಇದನ್ನು ಎಲ್ಲರೂ ಗಮನವಿಟ್ಟು ಓದಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಮೊಬೈಲ್‌ನಲ್ಲಿ ಸಿಗುವ ವ್ಯಾಯಾಮದ ವೀಡಿಯೊಗಳು ಈ ವ್ಯತ್ಯಾಸವನ್ನು ಹೇಳುವುದೇ ಅಪರೂಪ.

ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗದಲ್ಲಿ ನೋವಿದ್ದರೆ ಅಲ್ಲಿ ಎಳೆತದ ಜೊತೆಗೆ ಒತ್ತಡವೂ ಕೆಲಸ ಮಾಡುತ್ತಿರುತ್ತದೆ. ಪಾದವನ್ನು ಮೇಲಕ್ಕೆ ಬಾಗಿಸಿದಾಗ, ಅಂದರೆ ಗೋಡೆಗೆ ಒತ್ತಿ ಎಳೆದಾಗ, ಏರು ಹತ್ತುವಾಗ, ಕುಕ್ಕರಗಾಲಿನಲ್ಲಿ ಕುಳಿತಾಗ, ಸ್ನಾಯುರಜ್ಜು ಹಿಮ್ಮಡಿ ಮೂಳೆಯ ಮೇಲಂಚಿಗೆ ಒತ್ತಿಕೊಳ್ಳುತ್ತದೆ. ನಡುವೆ ಸಣ್ಣದೊಂದು ದ್ರವದ ಚೀಲವಿದೆ, ಅದೂ ಊದಿಕೊಳ್ಳಬಹುದು. ಕೆಲವರಿಗೆ ಆ ಮೂಳೆಯ ಹಿಂಭಾಗವೇ ಉಬ್ಬಿರುತ್ತದೆ, ಹ್ಯಾಗ್ಲುಂಡ್ ಉಬ್ಬು ಎನ್ನುತ್ತಾರೆ. ಹೀಗಿರುವಾಗ ಎಳೆಯುವ ವ್ಯಾಯಾಮ ನೋವನ್ನು ಹೆಚ್ಚಿಸಿದ್ದು ಸಹಜ. ಅದನ್ನು ಇಂದೇ ನಿಲ್ಲಿಸಿ.

ಗೆಜ್ಜೆಯನ್ನು ಉಬ್ಬಿಗೆ ತಾಗದಂತೆ ಸ್ವಲ್ಪ ಮೇಲಕ್ಕೆ ಕಟ್ಟಲು ಸಾಧ್ಯವೇ ನೋಡಿ. ಅಡಿಯಲ್ಲಿ ಸುತ್ತುವ ಬಟ್ಟೆಯನ್ನು ಉಬ್ಬಿನ ಸುತ್ತಲೂ ದಪ್ಪ ಮಾಡಿ, ಉಬ್ಬಿನ ಮೇಲೆ ಮಾತ್ರ ಖಾಲಿ ಬಿಡಿ. ಹಗಲು ಹೊತ್ತು ತೀರಾ ಚಪ್ಪಟೆಯಾದ ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಯ ಅಡಿಗೆ ಒಂದು ಸೆಂಟಿಮೀಟರ್ ದಪ್ಪದ ಗಟ್ಟಿ ರಬ್ಬರ್ ಹಾಕಿಸಿ, ಎರಡೂ ಕಾಲಿಗೆ. ಚಪ್ಪಲಿ ಹೊಲಿಯುವವರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ.

ಶಿರಸಿ ತೋಟದ ಮನೆ

ವ್ಯಾಯಾಮ ವ್ಯಾಯಾಮ ಎನ್ನುತ್ತಿದ್ದೀರಿ ಅಕ್ಕ, ಅದು ಯಾವುದು, ಹೇಗೆ ಎಂಬುದನ್ನು ಒಮ್ಮೆ ಪೂರ್ತಿ ಬರೆಯಿರಿ. ನಮ್ಮಲ್ಲಿ ಅಡಿಕೆ ಮರ ಹತ್ತಿ ಕೊನೆ ಕೊಯ್ಯಲು ಬರುವ ಕೊನೆಗೌಡರಿಗೂ ಇದೇ ತೊಂದರೆ ಇದೆ. ಅವರು ಮೊಬೈಲ್‌ನಲ್ಲಿ ಓದುವವರಲ್ಲ, ನಾನೇ ಓದಿ ಹೇಳಬೇಕು.

ಕುಮಟಾದ ಫಿಸಿಯೋ

ಬರೆಯುತ್ತೇನೆ. ಇದರ ಹಿಂದೆ ಒಂದು ಕಥೆಯೂ ಇದೆ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್‌ಸನ್ ಎಂಬ ಮೂಳೆತಜ್ಞರಿಗೆ ಇದೇ ನೋವು ಬಂದಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಮೇಲಧಿಕಾರಿ ಒಪ್ಪಲಿಲ್ಲ. ಹಾಗಾದರೆ ಸ್ನಾಯುರಜ್ಜು ಹರಿದೇ ಹೋಗಲಿ, ಆಗ ಒಪ್ಪಲೇಬೇಕಾಗುತ್ತದೆ ಎಂದು ಅವರು ನೋವನ್ನು ಲೆಕ್ಕಿಸದೆ ಹಿಮ್ಮಡಿ ಇಳಿಸುವ ವ್ಯಾಯಾಮ ಮಾಡತೊಡಗಿದರಂತೆ. ಹರಿಯಲಿಲ್ಲ, ನೋವೇ ಹೋಯಿತು. ಕ್ರೀಡಾವೈದ್ಯರ ವಲಯದಲ್ಲಿ ಪ್ರಸಿದ್ಧವಾದ ಕಥೆ ಇದು. 1998ರಲ್ಲಿ ಅವರು ಇದೇ ವ್ಯಾಯಾಮದ 12 ವಾರಗಳ ಕ್ರಮವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಶಸ್ತ್ರಚಿಕಿತ್ಸೆಯ ಸಾಲಿನಲ್ಲಿ ನಿಂತಿದ್ದವರು ಆ ವ್ಯಾಯಾಮ ಮಾಡಿ ಮತ್ತೆ ಓಡತೊಡಗಿದ್ದರು.

ನಡುಭಾಗದ ನೋವಿಗೆ, ಅಂದರೆ ಮಾಸ್ತರರಂಥವರಿಗೆ: ಜಗಲಿಯ ಮೆಟ್ಟಿಲಿನ ಅಂಚಿನಲ್ಲಿ ಎರಡೂ ಮುಂಗಾಲುಗಳನ್ನು ಊರಿ ನಿಲ್ಲಿ, ಹಿಮ್ಮಡಿಗಳು ಅಂಚಿನ ಹೊರಗಿರಲಿ. ಕಂಬವನ್ನೋ ಗೋಡೆಯನ್ನೋ ಹಿಡಿದುಕೊಳ್ಳಿ. ಎರಡೂ ಕಾಲಿನ ಬಲದಿಂದ ತುದಿಗಾಲಿಗೆ ಏರಿ. ಒಳ್ಳೆಯ ಕಾಲನ್ನು ಎತ್ತಿ, ನೋವಿನ ಕಾಲಿನ ಮೇಲೆ ನಿಧಾನವಾಗಿ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಿ. ಮೇಲೇರಲು ಮತ್ತೆ ಒಳ್ಳೆಯ ಕಾಲಿನ ಸಹಾಯ. ಹೀಗೆ 15ರಂತೆ ಮೂರು ಸುತ್ತು, ಮಂಡಿ ನೇರವಾಗಿಟ್ಟು. ಆಮೇಲೆ ಮಂಡಿಯನ್ನು ತುಸು ಬಾಗಿಸಿ ಮತ್ತೆ ಮೂರು ಸುತ್ತು, ಆಗ ಒಳಗಿನ ಸೋಲಿಯಸ್ ದುಡಿಯುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ದಿನಕ್ಕೆ ಒಟ್ಟು 180. ಸುಲಭವೆನ್ನಿಸಿದಾಗ ಬೆನ್ನಚೀಲದಲ್ಲಿ ಐದು ಕಿಲೋ ಅಕ್ಕಿ ಹಾಕಿಕೊಳ್ಳಿ, ಕ್ರಮೇಣ ಏರಿಸಿ.

ಇಷ್ಟು ಸಂಖ್ಯೆ ನೋಡಿ ಕೈಬಿಡುವವರೇ ಹೆಚ್ಚು. ಅಂಥವರಿಗೆ ಇನ್ನೊಂದು ದಾರಿಯಿದೆ: ವಾರಕ್ಕೆ ಮೂರೇ ದಿನ, ಹೆಚ್ಚು ಭಾರ ಹೊತ್ತು, ಮೂರು ಸೆಕೆಂಡಿನಲ್ಲಿ ಏರಿ, ಮೂರು ಸೆಕೆಂಡಿನಲ್ಲಿ ಇಳಿಯುವುದು. ಮೊದಲು 15ರ ಸುತ್ತು, ವಾರಗಳು ಕಳೆದಂತೆ ಭಾರ ಹೆಚ್ಚಿಸಿ ಸಂಖ್ಯೆಯನ್ನು 12, 10, 8, 6ಕ್ಕೆ ಇಳಿಸುವುದು. 2015ರಲ್ಲಿ ಡೆನ್ಮಾರ್ಕಿನಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಗುಣದಲ್ಲಿ ಹೆಚ್ಚುಕಡಿಮೆ ಸಮ ಎಂದು ಕಂಡಿತು. ನಾನು ಕೆಲಸಕ್ಕೆ ಹೋಗುವವರಿಗೆ ಹೇಳುವುದು ಈ ಎರಡನೆಯದನ್ನೇ. ನಡುವೆ ಬಿಡುವಿರುವುದಕ್ಕೂ ಅರ್ಥವಿದೆ. ಭಾರೀ ಶ್ರಮದ ನಂತರದ 24ರಿಂದ 36 ಗಂಟೆಗಳಲ್ಲಿ ಸ್ನಾಯುರಜ್ಜುವಿನಲ್ಲಿ ಕೊಲಾಜೆನ್ ಕಟ್ಟುವುದಕ್ಕಿಂತ ಒಡೆಯುವುದೇ ಮೇಲುಗೈ. ಅದರ ನಂತರ ಕಟ್ಟುವ ಕೆಲಸ ಮುಂದಾಗುತ್ತದೆ.

ಮೂಳೆಗೆ ಅಂಟುವ ಜಾಗದ ನೋವಿಗೆ, ಅಂದರೆ ಗುಣವಂತೆಯವರಿಗೆ: ಇದೇ ವ್ಯಾಯಾಮ, ಆದರೆ ಮೆಟ್ಟಿಲಿನಲ್ಲಿ ಅಲ್ಲ, ಸಮತಟ್ಟು ನೆಲದಲ್ಲಿ. ಹಿಮ್ಮಡಿ ನೆಲಕ್ಕಿಂತ ಕೆಳಗೆ ಇಳಿಯಲೇಬಾರದು.

ನೋವಿಲ್ಲದೆ ಮಾಡಬೇಕು ಎಂದು ಕಾಯಬೇಡಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಐದರವರೆಗಿನ ನೋವು ನಡೆದೀತು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಅದು ಇಳಿದಿರಬೇಕು, ವಾರದಿಂದ ವಾರಕ್ಕೆ ಬೆಳಗಿನ ಬಿಗಿತ ಹೆಚ್ಚಬಾರದು. ಈ ಅಳತೆಯನ್ನು ಪಾಲಿಸಿಕೊಂಡು ಓಟವನ್ನು ಮುಂದುವರಿಸಿದವರೂ, ಆರಂಭದ ವಾರಗಳಲ್ಲಿ ಓಟ ಬಿಟ್ಟವರೂ ಸಮನಾಗಿಯೇ ಸುಧಾರಿಸಿದರೆಂದು 2007ರ ಸ್ವೀಡನ್ನಿನ ಅಧ್ಯಯನ ತೋರಿಸಿತು. ಮಾಸ್ತರರು ಮೈದಾನದಲ್ಲಿ ಧೈರ್ಯವಾಗಿ ನಿಲ್ಲಬಹುದು.

ಬಹಳ ನೋವಿರುವವರು ಮೊದಲ ಒಂದೆರಡು ವಾರ ತುದಿಗಾಲಿನ ಮೇಲೆ ಅಲುಗಾಡದೆ ನಿಲ್ಲುವುದರಿಂದ ಆರಂಭಿಸಲಿ, 30ರಿಂದ 45 ಸೆಕೆಂಡ್, ಐದು ಸಲ.

ಅಂಕೋಲಾದ ಮಗಳು

ಮೇಡಂ, ಅರ್ಜೆಂಟಾಗಿ ಒಂದು ವಿಚಾರ. ಅಮ್ಮನಿಗೆ ಅರವತ್ತು ದಾಟಿದೆ, ಈಗಲೂ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಾರೆ. ನಡೆಯುವುದು ಅವರಿಗೆ ಹೊಸದಲ್ಲ. ಮೊನ್ನೆಯಿಂದ ಎರಡೂ ಹಿಮ್ಮಡಿಗಳ ಹಿಂದೆ ಒಮ್ಮೆಲೇ ನೋವು, ಮುಟ್ಟಿದರೆ ಬಿಸಿ. ಮೇಲೆ ಹೇಳಿದ ವ್ಯಾಯಾಮವನ್ನು ಇವತ್ತೇ ಮಾಡಿಸಲೇ? ಉರಿಮೂತ್ರಕ್ಕೆ ಮಾತ್ರೆ ನಡೆಯುತ್ತಿದೆ, ಉಬ್ಬಸ ಹೆಚ್ಚಾಗಿದ್ದರಿಂದ ಅದಕ್ಕೂ ಮಾತ್ರೆ ಇದೆ.

ಕುಮಟಾದ ಫಿಸಿಯೋ

ವ್ಯಾಯಾಮ ಖಂಡಿತ ಬೇಡ. ಉರಿಮೂತ್ರದ ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಯಾವ ಔಷಧದ ಹೆಸರಿದೆ ನೋಡಿ ಹೇಳು ತಂಗಿ. ಉಬ್ಬಸದ ಮಾತ್ರೆಯದ್ದೂ.

ಅಂಕೋಲಾದ ಮಗಳು

ಒಂದರಲ್ಲಿ ಲೆವೊಫ್ಲಾಕ್ಸಾಸಿನ್ ಎಂದಿದೆ. ಇನ್ನೊಂದರಲ್ಲಿ ಪ್ರೆಡ್ನಿಸೊಲೋನ್.

ಕುಮಟಾದ ಫಿಸಿಯೋ

ಈಗಲೇ ಔಷಧ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಎರಡೂ ಹಿಮ್ಮಡಿಯ ಸ್ನಾಯುರಜ್ಜುಗಳಲ್ಲಿ ನೋವು ಬಂದಿದೆ ಎಂದು ಇದೇ ಮಾತುಗಳಲ್ಲಿ ಹೇಳು. ಮುಂದಿನ ಲೆವೊಫ್ಲಾಕ್ಸಾಸಿನ್ ಮಾತ್ರೆ ನುಂಗುವ ಮೊದಲೇ ಅವರ ಜೊತೆ ಮಾತಾಡಬೇಕು. ಅವರು ಸಿಗದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮಾತ್ರೆಯ ಪಟ್ಟಿಗಳನ್ನು ಹಿಡಿದುಕೊಂಡು ಹೋಗಿ. ಪ್ರೆಡ್ನಿಸೊಲೋನ್ ಅನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದನ್ನು ವೈದ್ಯರೇ ಹೇಳಬೇಕು. ಅಲ್ಲಿಯವರೆಗೆ ಅಮ್ಮ ಬುಟ್ಟಿ ಹೊರಬಾರದು, ಮೆಟ್ಟಿಲು ಹತ್ತಬಾರದು.

ಉಳಿದವರಿಗೂ ಇದು ತಿಳಿದಿರಲಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್ ಒಂದೇ ಗುಂಪಿನ ಪ್ರತಿಜೀವಕಗಳು. ಇವು ಸ್ನಾಯುರಜ್ಜುವಿಗೆ ಹಾನಿ ಮಾಡಬಲ್ಲವು, ಎಲ್ಲಕ್ಕಿಂತ ಹೆಚ್ಚಾಗಿ ಅಕಿಲಿಸ್‌ಗೆ. ಹರಿದುಹೋಗುವ ಅಪಾಯವೂ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ವಯಸ್ಸು 60 ದಾಟಿದವರಿಗೆ, ಜೊತೆಗೆ ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡ ಅಥವಾ ಹೃದಯದ ಕಸಿ ಮಾಡಿಸಿಕೊಂಡವರಿಗೆ ಅಪಾಯ ಹೆಚ್ಚು. ಮಾತ್ರೆ ಶುರು ಮಾಡಿದ ಕೆಲವೇ ದಿನಗಳಲ್ಲಿ ಬರಬಹುದು, ಮುಗಿಸಿ ತಿಂಗಳುಗಳಾದ ಮೇಲೂ ಬರಬಹುದು. ಇವು ಕೆಟ್ಟ ಔಷಧಗಳಲ್ಲ, ಜೀವ ಉಳಿಸುವಂಥವು. ಭೇದಿಗೆ, ಜ್ವರಕ್ಕೆ ಔಷಧದ ಅಂಗಡಿಯಿಂದ ತಾವೇ ಕೇಳಿ ತೆಗೆದುಕೊಂಡು ನುಂಗುವ ನಮ್ಮ ಅಭ್ಯಾಸದ ಬಗ್ಗೆ ನನಗೆ ನಿಜವಾದ ಕಳವಳವಿದೆ.

ಹಳಿಯಾಳ ದಾರಿ

ನನಗೆ 26. ಎರಡೂ ಹಿಮ್ಮಡಿಗಳಲ್ಲಿ ಮೂಳೆಯ ಹತ್ತಿರ ನೋವು, ಓಟವೂ ಇಲ್ಲ, ಕುಣಿತವೂ ಇಲ್ಲ, ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ. ಬೆಳಿಗ್ಗೆ ಸೊಂಟವೂ ಹಿಡಿದುಕೊಂಡಿರುತ್ತದೆ, ಸಡಿಲವಾಗಲು ಒಂದು ತಾಸು ಬೇಕು. ನಡೆದಾಡಿದರೆ ವಾಸಿ, ಮಲಗಿದರೆ ಹೆಚ್ಚು.

ಕುಮಟಾದ ಫಿಸಿಯೋ

ನಿಮ್ಮದು ಹೊರೆಯಿಂದ ಬಂದ ನೋವಿನಂತೆ ಕಾಣುತ್ತಿಲ್ಲ. ಮಾಸ್ತರರ ಬಿಗಿತ ಕೆಲವೇ ನಿಮಿಷ, ನಿಮ್ಮದು ಒಂದು ತಾಸು. ಚಿಕ್ಕ ವಯಸ್ಸು, ಎರಡೂ ಕಾಲು, ಜೊತೆಗೆ ಸೊಂಟ, ವಿಶ್ರಾಂತಿಯಲ್ಲಿ ಹೆಚ್ಚುವ ನೋವು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ವಾತರೋಗದಲ್ಲಿ ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗಗಳಲ್ಲೇ ನಿಜವಾದ ಉರಿಯೂತ ಇರುತ್ತದೆ. ಹಿಂದೆಂದಾದರೂ ಕಣ್ಣು ಕೆಂಪಾಗಿ ಬೆಳಕು ನೋಡಲಾಗದಂತೆ ಆಗಿತ್ತೇ? ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಇದೆಯೇ? ಇದನ್ನೆಲ್ಲ ಬರೆದುಕೊಂಡು ವಾತರೋಗ ತಜ್ಞರನ್ನು ಕಾಣಿರಿ. ಹುಬ್ಬಳ್ಳಿಗೆ ಹೋಗಬೇಕಾಗಬಹುದು, ಆದರೂ ತಡ ಮಾಡಬೇಡಿ. ಬೇಗ ಗುರುತಿಸಿದರೆ ಒಳ್ಳೆಯ ಔಷಧಗಳಿವೆ.

ಭಟ್ಕಳ ವಾಲಿಬಾಲ್

ನಮ್ಮ ತಂಡದ ಒಬ್ಬರಿಗೆ ಆಟದ ನಡುವೆ ಫಟ್ ಎಂದು ಶಬ್ದವಾಯಿತು. ಹಿಂದಿನಿಂದ ಯಾರೋ ಒದ್ದರು ಎಂದು ತಿರುಗಿ ನೋಡಿದರೆ ಯಾರೂ ಇಲ್ಲ. ಪಾದ ಅಲ್ಲಾಡಿಸಲು ಆಗುತ್ತಿತ್ತು, ಕುಂಟುತ್ತಾ ನಡೆದರು. ಒಂದು ಕಡೆ ತೋರಿಸಿದಾಗ ಉಳುಕು ಎಂದು ಪಟ್ಟಿ ಸುತ್ತಿ ಕಳುಹಿಸಿದರು. ವಾರಗಳ ನಂತರ ಸ್ನಾಯುರಜ್ಜು ಪೂರ್ತಿ ಹರಿದಿದೆ ಎಂದು ಗೊತ್ತಾಯಿತು. ಅಷ್ಟು ದೊಡ್ಡದು ಹರಿದರೂ ನಡೆಯಲು ಹೇಗೆ ಆಗುತ್ತದೆ?

ಕುಮಟಾದ ಫಿಸಿಯೋ

ಪಾದವನ್ನು ಕೆಳಕ್ಕೆ ಒತ್ತುವ ಬೇರೆ ಸಣ್ಣ ಸ್ನಾಯುಗಳೂ ಇವೆ. ಅವು ಸ್ವಲ್ಪ ಮಟ್ಟಿಗೆ ಕೆಲಸ ನಡೆಸುತ್ತವೆ, ಅದರಿಂದಲೇ ಜನ ಮೋಸ ಹೋಗುತ್ತಾರೆ. ಪತ್ತೆ ಹಚ್ಚುವುದು ಸುಲಭ: ರೋಗಿಯನ್ನು ಬೋರಲಾಗಿ ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗಿರಲಿ, ಮೀನಖಂಡವನ್ನು ಕೈಯಿಂದ ಹಿಂಡಿ. ಸ್ನಾಯುರಜ್ಜು ಸರಿಯಾಗಿದ್ದರೆ ಪಾದ ತಾನಾಗಿ ಕೆಳಕ್ಕೆ ಚಲಿಸುತ್ತದೆ. ಹರಿದಿದ್ದರೆ ಅಲ್ಲಾಡುವುದಿಲ್ಲ. ಥಾಂಪ್ಸನ್ ಪರೀಕ್ಷೆ ಎಂದು ಇದರ ಹೆಸರು. ಮಾಸ್ತರರೇ, ದಯವಿಟ್ಟು ಇದನ್ನು ನೀವು ಕಲಿತಿಟ್ಟುಕೊಳ್ಳಿ, ಬೇರೆ ದೈಹಿಕ ಶಿಕ್ಷಕರಿಗೂ ಹೇಳಿ.

ಆ ಶಬ್ದ ಕೇಳಿದ ಕೂಡಲೇ ಆಟ ನಿಲ್ಲಿಸಬೇಕು, ಪಾದದ ಬೆರಳುಗಳು ಕೆಳಮುಖವಾಗಿರುವಂತೆ ಕಟ್ಟಿ ಅಂದೇ ಮೂಳೆತಜ್ಞರ ಬಳಿಗೆ ಹೋಗಬೇಕು. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. 2022ರಲ್ಲಿ ಪ್ರಕಟವಾದ ನಾರ್ವೆಯ 526 ರೋಗಿಗಳ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ, ಪಾದ ಕೆಳಮುಖವಾಗಿ ಕಟ್ಟಿಸಿಕೊಂಡವರೂ ಒಂದು ವರ್ಷದ ಕೊನೆಗೆ ಓಡಾಟದಲ್ಲಿ ಸಮನಾಗಿದ್ದರು. ಮತ್ತೆ ಹರಿಯುವುದು ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ಹೆಚ್ಚು, ಶೇಕಡಾ 6.2. ಮಾಡಿಸಿಕೊಂಡವರಲ್ಲಿ ಶೇಕಡಾ 0.6. ನರಕ್ಕೆ ಪೆಟ್ಟಾಗುವುದು ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚು. ಯಾವುದನ್ನೇ ಆರಿಸಿದರೂ ಬೇಗ ಆರಂಭಿಸಬೇಕು.

ಬೈತಖೋಲದವನು

ಇಂಜೆಕ್ಷನ್ ಒಂದು ಹಾಕಿಸಿಕೊಂಡರೆ ಈ ತಾಪತ್ರಯವೇ ಇಲ್ಲವಲ್ಲ ಮೇಡಂ? ನಮ್ಮವರೊಬ್ಬರಿಗೆ ತಮ್ಮದೇ ರಕ್ತ ತೆಗೆದು ಅದನ್ನೇ ಚುಚ್ಚುತ್ತೇವೆ ಎಂದು ಸಾವಿರಾರು ರೂಪಾಯಿ ಹೇಳಿದ್ದಾರೆ.

ಕುಮಟಾದ ಫಿಸಿಯೋ

ಅದು ಪಿ.ಆರ್.ಪಿ. ಅಣ್ಣ, ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಅಂಶದ ಚುಚ್ಚುಮದ್ದು. ಅಕಿಲಿಸ್‌ಗೆ ಅದನ್ನು ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷಿಸಿದ್ದಾರೆ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಉಪ್ಪುನೀರಿನ ಚುಚ್ಚುಮದ್ದಿನ ಜೊತೆಗೆ ಹೋಲಿಸಿದರು, 2021ರಲ್ಲಿ ಬ್ರಿಟನ್ನಿನಲ್ಲಿ 240 ಜನರಲ್ಲಿ ಹುಸಿ ಚುಚ್ಚುಮದ್ದಿನ ಜೊತೆಗೆ ಹೋಲಿಸಿದರು. ಈ ಎರಡರಲ್ಲೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ದುಡಿದ ದುಡ್ಡನ್ನು ಉಳಿಸಿಕೊಳ್ಳಲು ಹೇಳಿ. ಸ್ಟಿರಾಯ್ಡ್ ಚುಚ್ಚುಮದ್ದನ್ನು ಈ ಸ್ನಾಯುರಜ್ಜುವಿನೊಳಕ್ಕೆ ಹಾಕಿಸಿಕೊಳ್ಳಲೇಬಾರದು, ನೋವು ಇಳಿದು ಸ್ನಾಯುರಜ್ಜು ಇನ್ನಷ್ಟು ದುರ್ಬಲವಾಗಿ ಹರಿಯುವ ಅಪಾಯವಿದೆ.

ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಅಲೆಯುವ ನಮ್ಮ ಜಿಲ್ಲೆಯವರಿಗೆ ಒಂದು ಮೆಟ್ಟಿಲು ಮತ್ತು ಒಂದು ಚೀಲ ಅಕ್ಕಿಯಲ್ಲಿ ಮುಗಿಯುವ ಉಪಚಾರ ಇದೆ ಎಂಬುದು ನನಗೆ ಸಣ್ಣ ಸಂತೋಷವಲ್ಲ.

ಅಂಕೋಲಾದ ಮಗಳು

ವೈದ್ಯರು ಸಿಕ್ಕರು. ಆ ಮಾತ್ರೆ ನಿಲ್ಲಿಸಿ ಬೇರೆ ಗುಂಪಿನದನ್ನು ಬರೆದುಕೊಟ್ಟರು, ನಾಳೆ ಕರೆದುಕೊಂಡು ಬರಲು ಹೇಳಿದ್ದಾರೆ. ಅಮ್ಮ ಬುಟ್ಟಿ ಮುಟ್ಟದಂತೆ ನಾನು ಕಾವಲಿದ್ದೇನೆ.

ಶಿರಸಿ ತೋಟದ ಮನೆ

ನಮ್ಮ ಕೊನೆಗೌಡರ ವಿಚಾರಕ್ಕೆ ಬರುತ್ತೇನೆ. ವಯಸ್ಸು ಐವತ್ತರ ಮೇಲೆ. ನೋವು ಮಾಸ್ತರರ ಜಾಗದಲ್ಲೇ. ದಿನಕ್ಕೆ ಎಷ್ಟೋ ಮರ ಏರಿ ಇಳಿಯಬೇಕು, ಕೊಯ್ಲಿನ ಹೊತ್ತಿಗೆ ಬಿಡುವೆಂಬುದಿಲ್ಲ. ಏರುವಾಗ ಮುಂಗಾಲಿನಲ್ಲಿ ಮರವನ್ನು ಒತ್ತಿ ಮೇಲೇಳುತ್ತಾರೆ. ಈ ವಯಸ್ಸಿನಲ್ಲಿ ಆ ಸ್ನಾಯುರಜ್ಜು ಹೊಸದಾಗಿ ಬೆಳೆದೀತೇ? ಇಲ್ಲ ಮರ ಹತ್ತುವುದನ್ನೇ ಬಿಡಿ ಎನ್ನಬೇಕೇ? ಬಿಟ್ಟರೆ ಅವರ ಮನೆ ನಡೆಯುವುದಿಲ್ಲ, ನಮ್ಮ ಕೊನೆಯೂ ಇಳಿಯುವುದಿಲ್ಲ.

ಕುಮಟಾದ ಫಿಸಿಯೋ

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕ ಬಗೆಯೂ ಆಶ್ಚರ್ಯದ್ದು. 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿ ಆಮೇಲೆ ಇಳಿಯಿತು, ಆಹಾರದ ಮೂಲಕ ಅದು ನಮ್ಮ ದೇಹವನ್ನೂ ಸೇರಿತು. ದೇಹದ ಯಾವ ಭಾಗ ಯಾವ ವರ್ಷ ಕಟ್ಟಿಕೊಂಡಿತು ಎಂಬ ಗುರುತು ಅದರಿಂದ ಉಳಿಯಿತು. ಅದನ್ನು ಬಳಸಿ ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದ್ದು ಇದು: ಅಕಿಲಿಸ್‌ನ ಒಳತಿರುಳು ಸುಮಾರು 17 ವರ್ಷದವರೆಗೆ, ಅಂದರೆ ಎತ್ತರ ಬೆಳೆಯುವವರೆಗೆ ಕಟ್ಟಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕೊನೆಗೌಡರು ಹುಡುಗರಾಗಿದ್ದಾಗ ಕಟ್ಟಿದ ಆ ಎಳೆಗಳ ಮೇಲೆಯೇ ಇಂದಿಗೂ ಮರ ಹತ್ತುತ್ತಿದ್ದಾರೆ.

ಹಾಗೆಂದು ನಿರಾಶರಾಗಬೇಕಿಲ್ಲ. ಕೆಟ್ಟ ಭಾಗ ಮೊದಲಿನಂತೆ ಆಗದಿದ್ದರೂ ಅದರ ಸುತ್ತಲಿನ ಒಳ್ಳೆಯ ಭಾಗ ಗಟ್ಟಿಯಾಗುತ್ತದೆ, ಮೀನಖಂಡಕ್ಕೆ ಬಲ ಬರುತ್ತದೆ, ನೋವು ಇಳಿಯುತ್ತದೆ. ಸ್ಕ್ಯಾನ್‌ನಲ್ಲಿ ದಪ್ಪ ಹಾಗೆಯೇ ಕಾಣುತ್ತಿದ್ದರೂ ನೋವಿಲ್ಲದೆ ದುಡಿಯುವವರು ಬಹಳ ಮಂದಿ ಇದ್ದಾರೆ. ಆದ್ದರಿಂದ ಮರ ಹತ್ತುವುದನ್ನು ಬಿಡಿಸಬೇಡಿ, ಹಂಚಿ. ಕೊಯ್ಲನ್ನು ಒಂದೇ ಸಮನೆ ಮುಗಿಸುವ ಬದಲು ಒಂದು ದಿನ ಮರ, ಮರುದಿನ ನೆಲದ ಕೆಲಸ ಎಂದು ಮಾಡಿಕೊಡಲು ನಿಮ್ಮಿಂದ ಸಾಧ್ಯವೇ? ಆ ಬಿಡುವಿನ ದಿನದ ಕೂಲಿಯನ್ನು ಕಡಿಮೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇಲ್ಲವಾದರೆ ಅವರು ನೋವನ್ನು ಮುಚ್ಚಿಟ್ಟು ಇನ್ನೊಬ್ಬರ ತೋಟದಲ್ಲಿ ಹತ್ತುತ್ತಾರೆ. ಬೆಟ್ಟದಿಂದ ಸೊಪ್ಪಿನ ಹೊರೆ ತರುವ ಕೆಲಸ ಸದ್ಯಕ್ಕೆ ಬೇಡ, ಏರು ದಾರಿಯಲ್ಲಿ ಹೊರೆ ಹೊತ್ತು ನಡೆಯುವುದು ಮರ ಹತ್ತುವುದಕ್ಕಿಂತ ಕಡಿಮೆಯದಲ್ಲ. ವ್ಯಾಯಾಮವನ್ನು ಮರ ಹತ್ತಿದ ದಿನ ಸಂಜೆ ಮಾಡಿಸಿ, ಅದರ ಮರುದಿನ ಕಾಲಿಗೆ ಬಿಡುವು ಸಿಗಲಿ. ಸಕ್ಕರೆ ಕಾಯಿಲೆ ಇದೆಯೇ ಎಂದೂ ಪರೀಕ್ಷಿಸಿ, ಅದಿದ್ದವರ ಸ್ನಾಯುರಜ್ಜು ಬೇಗ ಕೆಡುತ್ತದೆ, ನಿಧಾನವಾಗಿ ಸುಧಾರಿಸುತ್ತದೆ.

ಶಿರಸಿ ತೋಟದ ಮನೆ

ಕೂಲಿಯ ಮಾತು ಸರಿಯಾಗಿದೆ. ಹಾಗೆಯೇ ಮಾಡುತ್ತೇವೆ. ನಾಳೆ ಬೆಳಿಗ್ಗೆ ಅವರು ಬಂದಾಗ ಜಗಲಿಯ ಮೆಟ್ಟಿಲಿನ ಮೇಲೆ ನಿಲ್ಲಿಸಿ ತೋರಿಸುತ್ತೇನೆ.

ಕಾರವಾರದ ಮಾಸ್ತರ

ಒಂದು ಕೊನೆಯ ಪ್ರಶ್ನೆ ಮೇಡಂ. ಮರಳಿನ ಮೇಲೆ ಓಡಲು ಕಾಲು ಸಿದ್ಧವಾಗಿದೆ ಎಂದು ಗೊತ್ತಾಗುವುದು ಹೇಗೆ?

ಕುಮಟಾದ ಫಿಸಿಯೋ

ಬಲಗಾಲೊಂದರ ಮೇಲೆಯೇ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಎಡಗಾಲಿನಲ್ಲಿ ಎಷ್ಟು ಸಲ, ಎಷ್ಟು ಎತ್ತರಕ್ಕೆ ಆಗುತ್ತದೆಯೋ ಅಷ್ಟೇ ಇಲ್ಲಿಯೂ ಆಗಬೇಕು. ಇಪ್ಪತ್ತಕ್ಕಿಂತ ಹೆಚ್ಚು ಆದರೆ ಒಳ್ಳೆಯದು. ಆಮೇಲೆ ಅದೇ ಕಾಲಿನಲ್ಲಿ ಕುಪ್ಪಳಿಸಿ ನೋಡಿ. ಮರುದಿನ ಬೆಳಿಗ್ಗೆ ಬಿಗಿತ ಹೆಚ್ಚದಿದ್ದರೆ ಮೊದಲು ಶಾಲೆಯ ಮೈದಾನದ ಗಟ್ಟಿ ನೆಲದಲ್ಲಿ ಬೂಟು ಹಾಕಿಕೊಂಡು ಓಡಿ, ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಂದು ದಿನ ಬಿಟ್ಟು ಒಂದು ದಿನ. ಅದು ಸಲೀಸಾಗಿ ಕೆಲವು ವಾರ ನಡೆದ ಮೇಲೆ ಒದ್ದೆ ಮರಳು, ಹೋದ ದಾರಿಯಲ್ಲೇ ವಾಪಸು. ಒಣ ಮರಳು ಎಲ್ಲಕ್ಕಿಂತ ಕೊನೆಗೆ. ಮುಂದಿನ ಮಳೆಗಾಲದಲ್ಲಿ ಓಟ ನಿಂತರೂ ಮೆಟ್ಟಿಲಿನ ವ್ಯಾಯಾಮವನ್ನು ವಾರಕ್ಕೆರಡು ಸಲ ಮನೆಯೊಳಗೇ ಮಾಡುತ್ತಿರಿ.